ಟ್ರ್ಯಾಕ್ ಹಾಡುವವಳು

ನನ್ನ ಸಿಟ್ಟು ಬೀದಿಗೆಲ್ಲ ಕೇಳಿಸುತ್ತದೆ. ಅಕ್ಕನ ಸಿಟ್ಟು ಪಕ್ಕದಲ್ಲಿ ಕೂತವರಿಗೂ ಕೇಳಿಸುವುದಿಲ್ಲ. ನನ್ನದು ಉಕ್ಕಿದ ಹಾಲು, ಒಲೆ ಆರಿಸಿದರೆ ಇಳಿಯಿತು. ಅವಳು ಮಾತ್ರ ಸಿಟ್ಟನ್ನು ಡಬ್ಬಿಗೆ ಹಾಕಿ, ಬಿಗಿಯಾಗಿ ಮುಚ್ಚಳ ತಿರುಗಿಸಿ, ವರ್ಷಗಟ್ಟಲೆ ಇಡಬಲ್ಲಳು. ಒಳಗಿನದು ಒಂದಿಷ್ಟೂ ಕೆಡುವುದಿಲ್ಲ. "ಚಿಕ್ಕವಳು ಕೂಗಾಡ್ತಾಳೆ, ಅವಳ ಬಗ್ಗೆ ನನಗೆ ಭಯ ಇಲ್ಲ. ದೊಡ್ಡವಳು ಸುಮ್ಮನೆ ಇದ್ದಾಳೆ ಅಂದ್ರೆ ಭಯ" ಎಂದು ಅಮ್ಮ ಹೇಳುತ್ತಿದ್ದಳು. ಹೆತ್ತವಳು, ಅವಳಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತು?

ಅಕ್ಕ ಟ್ರ್ಯಾಕ್ ಹಾಡುವವಳು. ಹಾಗೆಂದರೇನು ಎಂದು ನನ್ನ ಪಾರ್ಲರಿಗೆ ಬರುವ ಹೆಂಗಸರು ಕೇಳುತ್ತಾರೆ. ಹೊಸ ಹಾಡು ಸಿದ್ಧವಾದಾಗ ಮೊದಲು ಯಾರಾದರೂ ಅದನ್ನು ಹಾಡಿಕೊಡಬೇಕು. ಆ ಧ್ವನಿಯ ಜಾಡು ಹಿಡಿದು ವಾದ್ಯದವರು ನುಡಿಸುತ್ತಾರೆ. ಆಮೇಲೆ ಹೆಸರಿರುವ ಗಾಯಕಿ ಬರುತ್ತಾಳೆ, ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳುತ್ತಾಳೆ, ಅದೇ ಧ್ವನಿಯನ್ನು ಕೇಳುತ್ತ ಅದು ಎಳೆದಲ್ಲಿ ಎಳೆದು, ನಿಲ್ಲಿಸಿದಲ್ಲಿ ನಿಲ್ಲಿಸಿ ತನ್ನದನ್ನು ಹಾಡುತ್ತಾಳೆ. ಅವಳದು ಸರಿಯಾಗಿ ಬಂದರೆ ಮೊದಲಿನವಳದನ್ನು ಅಳಿಸುತ್ತಾರೆ. ನನ್ನ ಅಕ್ಕ ಆ ಅಳಿಸಲ್ಪಡುವವಳು. ಅದೇ ಅವಳ ಕಸುಬು, ಗೊತ್ತಿದ್ದೇ ಸೇರಿದ್ದಳು. ಮದುವೆ ಬೇಡವೆಂದು ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಉಳಿದುಕೊಂಡು, ಬೆಳಗ್ಗೆ ಡಬ್ಬಿ ಕಟ್ಟಿಕೊಂಡು ಸ್ಟುಡಿಯೊಗೆ ಹೋಗಿ ಸಂಜೆ ಬರುತ್ತಿದ್ದಳು.

ಸ್ಟುಡಿಯೊ ಎಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಟೈರ್ ಅಂಗಡಿಯ ಮೇಲಿನ ಮಹಡಿ. ಗೋಡೆಗೆಲ್ಲ ಹಳೆಯ ಕಾರ್ಪೆಟ್ಟಿನ ತುಂಡು ಬಡಿದಿದ್ದರು, ಮಧ್ಯೆ ಒಂದು ದಪ್ಪ ಗಾಜು. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ಮೇಲೆ ನೆಲವೇ ದಡ ದಡ ಎನ್ನುತ್ತಿತ್ತು. ಆದ್ದರಿಂದ ಪ್ರತಿ ರೆಕಾರ್ಡಿಂಗಿಗೂ ಮುಂಚೆ ಯಾರಾದರೂ ಕೆಳಗಿಳಿದು ಟೈರಿನವನನ್ನು ಕಾಡಿ ಬೇಡಿ ಯಂತ್ರ ನಿಲ್ಲಿಸುವಂತೆ ಮಾಡಬೇಕು. ಆ ಕೆಲಸವೂ ಅಕ್ಕನದೇ. ಹೆಸರಿರುವ ಗಾಯಕಿ ಹಾಡುವಾಗ ಟೈರಿನವನು ನಿಲ್ಲಿಸುತ್ತಿದ್ದ. ಅಕ್ಕ ಹಾಡುವಾಗ ಮಾತ್ರ ಅದು ನಡೆಯುತ್ತಲೇ ಇರುತ್ತಿತ್ತು. ಹೇಗೂ ಅಳಿಸುವ ಧ್ವನಿ, ಅದಕ್ಕೇಕೆ ಅಷ್ಟು ಉಪಚಾರ!

ಸ್ಟುಡಿಯೊದ ಯಜಮಾನನನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ರಾಗ ಕಟ್ಟುವುದರಲ್ಲಿ ಗಟ್ಟಿಗ, ಇಲ್ಲವೆನ್ನುವುದಿಲ್ಲ. ಬಾಯಿ ಬಿಟ್ಟರೆ ಜೇನು, ಕೆಲಸ ಮುಗಿದರೆ ನೀನ್ಯಾರೋ ನಾನ್ಯಾರೋ. ಒಮ್ಮೆ ಒಂದು ನಿಧಾನದ ಹಾಡು ಮಾಡುತ್ತಿದ್ದ. ಬಿಟ್ಟು ಹೋಗುವ ಗಂಡಸಿಗೆ ಒಬ್ಬ ಹೆಂಗಸು, "ಹೋಗುವವನೇ ಹೋಗು, ಬಾಗಿಲು ಹಾಕದೆ ಹೋಗು" ಎಂದು ಬೇಡಿಕೊಳ್ಳುವ ಹಾಡು. ಮೊದಲ ಸಾಲಿನ ನಂತರ ಅವನ ಗಾಡಿ ಮುಂದಕ್ಕೆ ಹೋಗಲಿಲ್ಲ. ಟೈರಿನವನ ಬಳಿ ಹೋಗಲು ಮೆಟ್ಟಿಲಿಳಿಯುತ್ತಿದ್ದ ಅಕ್ಕ, ತನ್ನ ಪಾಡಿಗೆ ತಾನು ಮುಂದಿನ ಸಾಲನ್ನು ಗುನುಗಿದಳು. ಮಾಸ್ಟರ್ ಬಾಗಿಲಿಗೆ ಓಡಿ ಬಂದು, "ಏಯ್, ಬಾ ಇಲ್ಲಿ, ಅದನ್ನೇ ಇನ್ನೊಂದ್ಸಲ ಹೇಳು" ಎಂದ. ಹಾಡಿನ ಅರ್ಧ ಹಾಗೆ ಹುಟ್ಟಿತು. ಖುಷಿಯಲ್ಲಿ ಅವನು ವಾದ್ಯದವರೆಲ್ಲರ ಎದುರಿಗೆ ಮಾತು ಕೊಟ್ಟ: "ಈ ಸಲ ನಿನ್ನ ಧ್ವನಿನೇ ಇರುತ್ತೆ. ಅಳಿಸಲ್ಲ."

ಹಾಡು ರೇಡಿಯೊದಲ್ಲಿ ಬರುವ ದಿನ ಅಮ್ಮ ಒಳ್ಳೆಯ ಬಟ್ಟೆ ಉಟ್ಟು, ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಿದ್ದಳು. ಕುರ್ಚಿ ಸಾಲದೆ ಕೆಲವರು ಮಂಚದ ಮೇಲೆ ಕೂತಿದ್ದರು. ಹಾಡು ಶುರುವಾಯಿತು. ಬಂದದ್ದು ಮಾಸ್ಟರನ ನಾದಿನಿಯ ಧ್ವನಿ. ಹೆಂಡತಿಯ ತಂಗಿ, ಆಗಷ್ಟೇ ಹೆಸರು ಮಾಡುತ್ತಿದ್ದವಳು. ಅಕ್ಕ ಎಲ್ಲಿ ಉಸಿರೆಳೆದಿದ್ದಳೋ ಅಲ್ಲೇ ಉಸಿರು, ಎಲ್ಲಿ ದನಿ ಒಂದಿಷ್ಟು ಒಡೆದಿತ್ತೋ ಅಲ್ಲೇ ಒಡಕು. ಪಕ್ಕದ ಮನೆಯಾಕೆ, "ರೇಡಿಯೊದಲ್ಲಿ ನಿಮ್ಮ ಮಗಳ ಧ್ವನಿ ಬೇರೆ ಥರಾನೇ ಕೇಳ್ಸುತ್ತೆ ಅಲ್ವಾ?" ಎಂದಳು. ಅಮ್ಮ ಎದ್ದು ಎಲ್ಲರಿಗೂ ಕಾಫಿ ಕೊಟ್ಟಳು. ಆ ದಿನ ಅಮ್ಮನ ಮುಖ ನೋಡಿದ ಮೇಲೆ ನಾನು ಮಾಸ್ಟರನಿಗೆ ಹಾಕಿದ ಶಾಪಗಳನ್ನು ಇಲ್ಲಿ ಬರೆದರೆ ಅಚ್ಚಿನ ಮೊಳೆಯೇ ನಾಚಿಕೊಂಡೀತು.

ಮರುದಿನ ಅಕ್ಕ ಹೋಗಿ ಕೇಳಿದಳು. ಮಾಸ್ಟರ್ ನಗುತ್ತಲೇ ಅಂದ: "ಅಳತೆ ಟೇಪನ್ನ ಯಾರಾದ್ರೂ ಬಟ್ಟೆ ಜೊತೆ ಸೇರಿಸಿ ಹೊಲೀತಾರೇನಮ್ಮಾ?" ವಾದ್ಯದವರು ನಕ್ಕರು. ಮಾತು ಕೊಟ್ಟಾಗ ಇದ್ದವರೂ ಅವರೇ, ನಕ್ಕವರೂ ಅವರೇ. ಅಕ್ಕ ಸುಮ್ಮನೆ ಕೆಳಗಿಳಿದು ಟೈರಿನವನಿಗೆ ಯಂತ್ರ ನಿಲ್ಲಿಸಲು ಹೇಳಿ ಬಂದಳು. ಅಂದು ಇನ್ನೊಂದು ರೆಕಾರ್ಡಿಂಗ್ ಇತ್ತು.

"ಇನ್ನೂ ಅಲ್ಲಿಗೆ ಹೋಗ್ತೀಯಾ? ನಿನಗೆ ಮಾನ ಮರ್ಯಾದೆ ಇಲ್ವಾ?" ಎಂದು ನಾನು ಮನೆಯಲ್ಲಿ ಹಾರಾಡಿದೆ.

"ಅಲ್ಲೇ ಇರ್ಬೇಕು ಕಣೇ. ದೂರ ಹೋದ್ರೆ ಮರೆತುಬಿಡ್ತೀನಿ" ಎಂದಳು ಅಕ್ಕ.

ಅವಳು ಮರೆಯದೆ ಇರಲೆಂದೇ ಅಲ್ಲಿ ಉಳಿದಳು. ಅಮ್ಮ ತೀರಿಕೊಂಡಳು. ನಾದಿನಿ ಆ ಒಂದು ಹಾಡಿನಿಂದ ಮೇಲೇರಿ, ಸನ್ಮಾನದ ಶಾಲುಗಳನ್ನಿಡಲು ಕಪಾಟು ಮಾಡಿಸಿಕೊಂಡಳು. ಅಕ್ಕನ ಗಂಟಲು ಸೋತ ಮೇಲೆ ಮಾಸ್ಟರ್ ಅವಳನ್ನು ಹಿಂದಿನ ಟೇಪು ಕೋಣೆಗೆ ಹಾಕಿದ. ಹಳೆಯ ಟೇಪುಗಳನ್ನು ಒಂದೊಂದಾಗಿ ಓಡಿಸಿ ಕಂಪ್ಯೂಟರಿಗೆ ತುಂಬಿಸುವ ಕೆಲಸ. ಅಷ್ಟು ಹೊತ್ತಿಗೆ ಮಾಸ್ಟರನ ಹಾಡುಗಳ ಕಾಲ ಮುಗಿದಿತ್ತು. ಅವು ಕೇಳಿಸುತ್ತಿದ್ದುದು ಲಿಫ್ಟಿನಲ್ಲಿ, ಮತ್ತೆ ಹಲ್ಲಿನ ಡಾಕ್ಟರರ ಹೊರಕೋಣೆಯಲ್ಲಿ. ಹಲ್ಲು ಕೀಳಿಸಿಕೊಳ್ಳಲು ಕಾದವರು ಬೇರೆ ದಾರಿಯಿಲ್ಲದೆ ಕೇಳಬೇಕು.

ಒಂದು ಮಧ್ಯಾಹ್ನ ಆ ಹಾಡಿನ ಟೇಪಿನ ಸರದಿ ಬಂತು. ಅದರಲ್ಲಿ ಒಂದೊಂದು ವಾದ್ಯಕ್ಕೆ ಒಂದೊಂದು ಜಾಗ, ಧ್ವನಿಗೊಂದು ಜಾಗ. ಬೇಕಾದುದನ್ನು ಮಾತ್ರ ಬಿಟ್ಟು ಉಳಿದುದರ ಬಾಯಿ ಮುಚ್ಚಿಸಬಹುದು. ಅಕ್ಕ ಒಂದೊಂದನ್ನೇ ಮುಚ್ಚಿಸುತ್ತ ಹೋದಳು. ನಾದಿನಿಯನ್ನೂ ಮುಚ್ಚಿಸಿದಳು. ಆದರೂ ಹಾಡು ನಿಲ್ಲಲಿಲ್ಲ. ಒಳಗಿನಿಂದ ಅವಳದೇ ಧ್ವನಿ, ಎಳೆಯದು, ಗಟ್ಟಿಯಾದದ್ದು, ಹಾಡುತ್ತಲೇ ಇತ್ತು. ಮಾಸ್ಟರ್ ಅದನ್ನು ಅಳಿಸಿಯೇ ಇರಲಿಲ್ಲ. ನಾದಿನಿಯ ಧ್ವನಿ ತೆಳು. ಅದಕ್ಕೆ ಮೈ ತುಂಬಿಸಲು ಅಕ್ಕನದನ್ನು ತಗ್ಗಿಸಿ ಅಡಿಯಲ್ಲಿ ಬಚ್ಚಿಟ್ಟಿದ್ದ. ಕಪಾಟು ತುಂಬ ಶಾಲು ತಂದುಕೊಟ್ಟ ಆ ತುಂಬುದನಿಯಲ್ಲಿ ಅರ್ಧ ನಮ್ಮ ಮನೆಯದು!

ಅಕ್ಕ ನನಗೂ ಹೇಳಲಿಲ್ಲ. ಡಬ್ಬಿಯಲ್ಲಿದ್ದದ್ದರ ಮೇಲೆ ಇದನ್ನೂ ಹಾಕಿ ಮುಚ್ಚಳ ತಿರುಗಿಸಿದಳು.

ಆಗ ಬಂದ ಟೋಪಿ. ಹಳೆಯ ಹಾಡುಗಳನ್ನು ಕತ್ತರಿಸಿ, ಅಡಿಯಲ್ಲಿ ಗುದ್ದುವ ತಾಳ ಕೊಟ್ಟು, ಡಾನ್ಸ್ ಹಾಲುಗಳಿಗೆ, ಜಿಮ್ಮುಗಳಿಗೆ ರೀಮಿಕ್ಸ್ ಮಾಡುವವನು. ಮನೆಯೊಳಗೂ ತಲೆಯ ಟೋಪಿ ತೆಗೆಯುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಈ ಕಸುಬಿನಲ್ಲಿ ಯಾರಿಗೂ ಟೋಪಿ ಹಾಕದ ಒಬ್ಬನೇ ಮನುಷ್ಯನಿಗೆ ಆ ಹೆಸರು ಬಂದದ್ದು ಅವನ ಗ್ರಹಚಾರ. "ನಿಮ್ಮ 'ಹೋಗುವವನೇ ಹೋಗು' ಹಾಡಿನ ವಾದ್ಯ ಏನೂ ಬೇಡ, ಬರೀ ಧ್ವನಿ ಕೊಡಿ" ಎಂದು ಮಾಸ್ಟರನನ್ನು ಕೇಳಿದ. ಮಾಸ್ಟರ್ ಹಳೆಯ ಹಾಡಿನ ಅಭಿಮಾನಿಗಳ ಸಭೆಯಲ್ಲಿ, ರೀಮಿಕ್ಸ್ ಎಂದರೆ ಸಂಗೀತದ ಕೊಲೆ ಎಂದು ಭಾಷಣ ಬಿಗಿದು ವಾರವೂ ಆಗಿರಲಿಲ್ಲ. ಕೊಲೆಗಾರನೇ ಮನೆ ಬಾಗಿಲಿಗೆ ಬಂದಾಗ ಕುರ್ಚಿ ಎಳೆದು ಕೂರಿಸಿದ. ಹೊಸ ಕಿವಿಗಳಿಗೆ ತನ್ನ ಹೆಸರು ಬೀಳುವುದಾದರೆ ಕೊಲೆಯಾದರೂ ಸರಿ.

ಟೇಪು ಕೋಣೆಗೆ ತಲೆ ಹಾಕಿ, "ಅವನು ಕೇಳಿದ್ದನ್ನ ಕಳಿಸ್ಬಿಡಮ್ಮ" ಎಂದು ಹೋದ. ಮುಗಿಸಿದ ಹಾಡನ್ನು ಮತ್ತೆ ಕೇಳುವುದು ಕೆಲಸವಿಲ್ಲದವರ ಲಕ್ಷಣ ಎಂದು ಅವನು ಯಾವಾಗಲೂ ಹೇಳುತ್ತಿದ್ದ. ಅಂದೂ ಕೇಳಲಿಲ್ಲ. ಅವನು ಮಾಡಿದ ತಪ್ಪು ಅದೊಂದೇ.

ಅಕ್ಕ ಧ್ವನಿ ಕಳಿಸಿದಳು. ಯಾವುದನ್ನು ಎಂದು ಹೇಳಬೇಕೆ?

ನನಗೆ ಗೊತ್ತಾದದ್ದು ಪಾರ್ಲರಿನಲ್ಲಿ. ನನ್ನ ಪಾರ್ಲರಿನ ಮೇಲ್ಮಹಡಿಯಲ್ಲಿ ಒಂದು ಜಿಮ್ ಇದೆ. ಒಬ್ಬಳ ಹುಬ್ಬು ತೀಡುತ್ತಿದ್ದೆ. ಮೇಲಿನಿಂದ ತಾಳ ಶುರುವಾಯಿತು, ನನ್ನ ಕನ್ನಡಿ ಅದುರಿತು. ಆಮೇಲೆ "ಹೋಗು, ಹೋಗು, ಹೋಗು" ಎಂದು ಒಂದು ಧ್ವನಿ. ಟೋಪಿ ಆ ಒಂದು ಪದವನ್ನು ಕಿತ್ತು, ಮತ್ತೆ ಮತ್ತೆ ಹೊಡೆಸಿದ್ದ. ಬೇಡಿಕೊಳ್ಳುತ್ತಿದ್ದ ಹೆಂಗಸು ಈಗ ಗಂಡಸನ್ನು ಕತ್ತು ಹಿಡಿದು ಹೊರದಬ್ಬುತ್ತಿದ್ದಳು. ಅಕ್ಕನ ಧ್ವನಿಯ ಹಿಂದೆ ಸಣ್ಣಗೆ ಕೇಳುತ್ತಿದ್ದ ಟೈರ್ ಅಂಗಡಿಯ ಯಂತ್ರದ ದಡದಡವನ್ನೂ ಅವನು ಬಿಟ್ಟಿರಲಿಲ್ಲ, ಅದನ್ನೇ ದೊಡ್ಡದು ಮಾಡಿ ತಾಳ ಕಟ್ಟಿದ್ದ. ನಾನು ದಾರ ಕೆಳಗಿಟ್ಟು ಮನೆಗೆ ಓಡಿದೆ. ಆ ಗಿರಾಕಿ ಒಂದೂವರೆ ಹುಬ್ಬಿನಲ್ಲಿ ಎಷ್ಟು ಹೊತ್ತು ಕಾದಳೋ, ಮತ್ತೆ ನನ್ನ ಬಳಿ ಬರಲಿಲ್ಲ.

ಅಕ್ಕ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಅಕ್ಕಾ, ಜಿಮ್ಮಲ್ಲಿ ನಿನ್ನ ಧ್ವನಿ!"

"ಗೊತ್ತು. ಕಳಿಸಿದ್ದೇ ನಾನು."

"ಮಾಸ್ಟರ್‌ಗೆ ಗೊತ್ತಾದ್ರೆ?"

"ಗೊತ್ತಾಗ್ಲಿ ಅಂತಾನೇ ಕಾಯ್ತಿದೀನಿ. ಆ ಚಾಕು ಕೊಡು."

ಹಾಡು ಹಬ್ಬಿತು. ನಿಧಾನದ ಹಾಡೆಂದರೆ ಆಕಳಿಸುತ್ತಿದ್ದ ಕಾಲೇಜು ಹುಡುಗಿಯರು ಅದನ್ನು ಫೋನಿನ ರಿಂಗಾಗಿ ಇಟ್ಟುಕೊಂಡರು. ಲಾರಿಯವರು ಹಾಕಿಕೊಂಡು ಹೋದರು. ಗಂಡನನ್ನು ಬಿಟ್ಟು ಬಂದಿದ್ದ ನನ್ನ ಗಿರಾಕಿಯೊಬ್ಬಳು ಕೂದಲು ಕತ್ತರಿಸಿಕೊಳ್ಳುತ್ತ ಅದನ್ನೇ ಕೇಳಿದಳು, ಕೇಳುತ್ತ ಇನ್ನಷ್ಟು ಗಿಡ್ಡ ಮಾಡಿ ಎಂದಳು. ಹಳೆಯ ಹಾಡಿನ ಅಭಿಮಾನಿಗಳು, ಹಾಡಿನ ಕತ್ತು ಹಿಸುಕಿದ್ದಾರೆ ಎಂದು ಬಾಯಿ ಬಡಿದುಕೊಂಡರು. ಅವರದೇ ಮೊಮ್ಮಕ್ಕಳು, ಇದರ ಮೂಲ ಹಾಡು ಯಾವುದು ಎಂದು ಕೇಳಿದಾಗ ಮಾತ್ರ ಹಲ್ಲು ಬಿಟ್ಟು ಹಳೆಯ ರೆಕಾರ್ಡು ಹುಡುಕಿಕೊಟ್ಟರು. ಮಾಸ್ಟರ್ ಟೀವಿಯಲ್ಲಿ ಕೂತು, "ನನ್ನ ನಾದಿನಿಯ ಕಂಠಕ್ಕೆ ಮುಪ್ಪೇ ಇಲ್ಲ" ಎಂದ. ನಾದಿನಿ ಪಕ್ಕದಲ್ಲಿ ಕೂತು ತಲೆ ತಗ್ಗಿಸಿ ನಕ್ಕಳು. ಅವಳು ಕೇಳಿದ್ದಳು, ಅವಳಿಗೆ ಆಗಲೇ ಗೊತ್ತಿತ್ತು ಎಂಬುದು ಆ ನಗೆಯಲ್ಲೇ ನನಗೆ ಕಂಡಿತು. ಬೇರೆಯವರ ಮುಖ ಓದುವುದು ನನ್ನ ಹೊಟ್ಟೆಪಾಡು.

ಮಾಸ್ಟರ್ ಹಾಡನ್ನು ಕಿವಿಗೊಟ್ಟು ಕೇಳಿದ್ದು ಟೀವಿಯಿಂದ ವಾಪಸ್ ಬರುವಾಗ, ಟ್ಯಾಕ್ಸಿಯಲ್ಲಿ. ನೇರ ಟೇಪು ಕೋಣೆಗೆ ಬಂದು ಬಾಗಿಲು ಹಾಕಿಕೊಂಡ.

"ಯಾವುದನ್ನ ಕಳಿಸಿದೀಯ ನೀನು?"

"ಧ್ವನಿ ಕಳಿಸು ಅಂದ್ರಿ. ಇದ್ದ ಧ್ವನಿ ಕಳಿಸಿದೆ."

"ಅದು ಅವಳದಲ್ಲ!"

"ಹಾಗಂತ ಹೇಳಿ ಮಾಸ್ಟ್ರೇ. ಈಗಲೇ ಟೀವಿಯವರಿಗೆ ಫೋನ್ ಮಾಡಿ. ಯಾರದು ಅಂತ ಕೇಳ್ತಾರೆ, ಅದನ್ನೂ ಹೇಳಿ."

ಮಾಸ್ಟರನಿಗೆ ಅದು ನುಂಗಲೂ ಆಗದ ಉಗುಳಲೂ ಆಗದ ತುತ್ತಾಯಿತು. ಅವಳನ್ನು ಕೆಲಸದಿಂದ ತೆಗೆಯುವಂತಿಲ್ಲ, ಹೊರಗೆ ಹೋಗಿ ಬಾಯಿ ಬಿಟ್ಟರೆ? ಇಟ್ಟುಕೊಳ್ಳುವಂತೆಯೂ ಇಲ್ಲ, ದಿನಾ ಮುಖ ನೋಡಬೇಕು. ಬೀದಿಗೆ ಬಂದರೆ ಪ್ರತಿ ಅಂಗಡಿಯಿಂದಲೂ ಅಕ್ಕ ಅವನಿಗೆ "ಹೋಗು, ಹೋಗು" ಎನ್ನುತ್ತಿದ್ದಳು. ಇದನ್ನು ಅಕ್ಕ ಹೇಳಿದಾಗ ನಾನು ನಕ್ಕು ನಕ್ಕು ಸುಸ್ತಾಗಿ ನೆಲದ ಮೇಲೆ ಕೂತೆ.

ಟೋಪಿ ಒಂದು ದೊಡ್ಡ ಹಾಲಿನಲ್ಲಿ ಕಾರ್ಯಕ್ರಮ ಇಟ್ಟು ನಾದಿನಿಯನ್ನು ವೇದಿಕೆಗೆ ಕರೆದ. ಅವಳು ಹಾಡಿದಳು. ಕುಣಿಯಲು ಬಂದವರು ನಿಂತು ಮುಖ ಮುಖ ನೋಡಿಕೊಂಡರು. ಗಂಟಲು ಕಟ್ಟಿದೆ ಎಂದು ಅವಳು ಇಳಿದು ಹೋದಳು. ಟೋಪಿಯ ಕಿವಿ ನಾಯಿಯ ಕಿವಿ. ಯಾವ ಟೇಪಿನಿಂದ ತೆಗೆದದ್ದು ಎಂದು ವಿಚಾರಿಸಲು ಮಾರನೆಯ ದಿನ ಸ್ಟುಡಿಯೊಗೆ ಫೋನ್ ಮಾಡಿದ. ಎತ್ತಿದವಳು ಅಕ್ಕ.

"ಹಲೋ" ಎಂದಳು.

ಟೋಪಿ ಮೆಲ್ಲಗೆ ಕೇಳಿದ: "ಮೇಡಂ, ಇನ್ನೊಂದ್ಸಲ ಹಲೋ ಅನ್ನಿ."

ವಯಸ್ಸಾದ ಗಂಟಲು, ಒಂದಿಷ್ಟು ಕರಕಲು. ಆದರೂ ಅವನು ಗುರುತು ಹಿಡಿದ. ಸಂಜೆಯೊಳಗೆ ಟೇಪು ಕೋಣೆಯ ಬಾಗಿಲಲ್ಲಿ ನಿಂತಿದ್ದ, ಮೊದಲ ಸಲ ಟೋಪಿ ಕೈಯಲ್ಲಿತ್ತು. "ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದ. "ಹೇಳ್ಬೇಕಾದವರು ನಾನಲ್ಲ" ಎಂದಳು ಅಕ್ಕ. ಅವನಿಗೆ ಇನ್ನೊಂದು ಹೊಸ ಹಾಡು ಬೇಕಿತ್ತು: ಮಾಸ್ಟರನ ರಾಗ, ಆ ಕರಕಲು ಗಂಟಲು, ತನ್ನ ತಾಳ. ಹೆಸರು ಅಕ್ಕನದೇ ಹಾಕುತ್ತೇನೆ ಎಂದ. ಬೇರೆ ಯಾರ ಧ್ವನಿಯೂ ಬೇಡ ಎಂದು ಮಾಸ್ಟರನಿಗೂ ಮುಖಕ್ಕೆ ಹೊಡೆದ ಹಾಗೆ ಹೇಳಿ ಹೋದ.

ಮಾಸ್ಟರನಿಗೆ ಆ ಹಾಡು ಬೇಕೇ ಬೇಕಾಗಿತ್ತು. ಕೆಲಸವಿಲ್ಲದ ಸ್ಟುಡಿಯೊದ ಮಹಡಿಯನ್ನು ಟೈರಿನವನು ಗೋದಾಮಿಗೆ ಕೇಳುತ್ತಿದ್ದ. ಆದ್ದರಿಂದ ಹಣ್ಣಿನ ಬುಟ್ಟಿ ಹಿಡಿದು ನಮ್ಮ ಮನೆಗೆ ಬಂದ. ಕೂತ ಕೂಡಲೇ "ನೀವು" ಎಂದ. ಅಕ್ಕನಿಗೆ! ಜೀವಮಾನದಲ್ಲಿ ಮೊದಲ ಸಲ. ನಾನು ಕಾಫಿ ಕೊಡಲಿಲ್ಲ, ನೀರು ಕೊಟ್ಟೆ, ಅದೂ ಲೋಟ ಕುಕ್ಕಿ.

"ಹಾಡ್ತೀನಿ" ಎಂದಳು ಅಕ್ಕ. "ಆದ್ರೆ ನನಗೆ ಯಾರಾದ್ರೂ ಟ್ರ್ಯಾಕ್ ಹಾಡಿಕೊಡ್ಬೇಕು. ನಿಮ್ಮ ನಾದಿನಿ ಬರ್ಲಿ."

ಮಾಸ್ಟರ್ ನೀರಿನ ಲೋಟ ಕೆಳಗಿಟ್ಟ. "ಅವಳು ಒಪ್ಪಲ್ಲ ಅಮ್ಮ. ಅಷ್ಟು ದೊಡ್ಡ ಹೆಸರು..."

"ಅವರು ಬಂದ್ರೆ ಹಳೇ ಹಾಡು ಅವರ ಹೆಸರಲ್ಲೇ ಇರ್ಲಿ. ನಾನು ಬಾಯಿ ಬಿಡಲ್ಲ, ಟೋಪಿನೂ ಬಿಡಲ್ಲ. ಜನ ಊಹಿಸಿದ್ರೆ ಊಹಿಸ್ಲಿ. ಹೋಗಿ ಹೇಳಿ."

ಅವನು ಹೋದ ಮೇಲೆ ನಾನು ಅವಳ ಮೇಲೆ ಹರಿಹಾಯ್ದೆ. "ಹಳೇದನ್ನ ಅವಳಿಗೇ ಬಿಟ್ಟುಕೊಟ್ಟೆಯಾ? ಅಮ್ಮ ಕೇಳ್ಬೇಕು ಅಂತ ಕಾದಿದ್ದ ಹಾಡು ಅದು!"

"ಇಟ್ಕೊಳ್ಲಿ ಬಿಡು. ಎಲ್ಲಿ ಕೇಳಿದ್ರೂ ಅದು ತನ್ನದಲ್ಲ ಅಂತ ಅವಳಿಗೆ ಗೊತ್ತಾಗುತ್ತಲ್ಲ. ಸಾಯೋವರೆಗೂ ಕೇಳ್ಲಿ." ಅಕ್ಕ ಬುಟ್ಟಿಯಿಂದ ಒಂದು ಹಣ್ಣು ತೆಗೆದು ಒರೆಸಿ ಕಚ್ಚಿದಳು. ನಾನು ಆ ಹಣ್ಣು ಮುಟ್ಟಲಿಲ್ಲ. ನನ್ನ ಸಿಟ್ಟು ಅಷ್ಟೇ, ಹಣ್ಣಿನ ಮೇಲೆ ತೀರಿಸಿಕೊಳ್ಳುವಂಥದ್ದು.

ನಾದಿನಿಯನ್ನು ಮಾಸ್ಟರ್ ಹೇಗೆ ಒಪ್ಪಿಸಿದನೋ. ಅಂದು ಅಕ್ಕನನ್ನು ಬಲಿ ಕೊಟ್ಟಿದ್ದವನು ಇಂದು ನಾದಿನಿಯನ್ನು ಕೊಟ್ಟ, ಆ ಮಟ್ಟಿಗೆ ನೇರ ಮನುಷ್ಯ. ರೆಕಾರ್ಡಿಂಗಿನ ದಿನ ನಾನು ಪಾರ್ಲರಿಗೆ ಬೀಗ ಹಾಕಿ ಹೋದೆ. ಇಂಥದ್ದನ್ನು ಕಣ್ಣಾರೆ ನೋಡದೆ ಇರುವುದುಂಟೆ? ನಾದಿನಿ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಶಾಲಿಲ್ಲ, ಒಡವೆಯಿಲ್ಲ, ಮುಖಕ್ಕೆ ಪೌಡರೂ ಇಲ್ಲ. ಯಾರ ಕಡೆಗೂ ನೋಡದೆ ಗಾಜಿನ ಆಚೆ ಹೋಗಿ ಮೈಕಿನ ಮುಂದೆ ನಿಂತಳು. ಟೋಪಿ ಕೆಳಗೆ ಹೋಗಿ ಯಂತ್ರ ನಿಲ್ಲಿಸಲು ಹೇಳಿಬರೋಣವೆಂದು ಎದ್ದ.

"ಬೇಡ, ನಡೀಲಿ" ಎಂದಳು ಅಕ್ಕ. "ಟ್ರ್ಯಾಕ್ ತಾನೇ."

ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು.

ಮೊದಲ ಸಲ ನಾದಿನಿಯ ಧ್ವನಿ ನಡುಗಿತು. ಎರಡನೆಯ ಸಲ ಸಾಲು ಮರೆತಳು. ಆಮೇಲೆ ಅವಳು ಗಾಜಿನ ಮೂಲಕ ಅಕ್ಕನನ್ನು ದಿಟ್ಟಿಸಿ ನೋಡಿದಳು, ಕೆನ್ನೆ ಕೆಂಪಾಯಿತು, ಹಾಡಿದಳು. ಯಾರನ್ನೂ ಅನುಕರಿಸದೆ, ಯಾರ ಆಸರೆಯೂ ಇಲ್ಲದೆ. ಅಷ್ಟು ವರ್ಷ ಬೇರೊಬ್ಬಳ ಉಸಿರಿನಲ್ಲಿ ಹಾಡಿದವಳು ಆ ದಿನ ಸಿಟ್ಟಿನಲ್ಲಿ, ಅವಮಾನದಲ್ಲಿ, ತನ್ನ ಉಸಿರಿನಲ್ಲಿ ಹಾಡಿದಳು. ತೆಳುವಾದ ಧ್ವನಿಯೇ ಬ್ಲೇಡಿನಂತೆ ಕೊಯ್ಯುತ್ತಿತ್ತು. ನನ್ನ ಮೈ ಜುಮ್ಮೆಂದಿತು. ಅವಳ ಮೇಲಿನ ದ್ವೇಷದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ, ಆದರೆ ಕಿವಿಗೆ ದ್ವೇಷ ಗೊತ್ತಾಗುವುದಿಲ್ಲ.

ಹಾಡು ಮುಗಿದ ಮೇಲೆ ಮಾಸ್ಟರನ ಕಣ್ಣು ಒದ್ದೆಯಾಗಿತ್ತು. ಟೋಪಿ ಮೆಲ್ಲಗೆ, "ಮೇಡಂ, ಇದನ್ನೂ ಇಟ್ಕೊಳ್ಳೋಣ. ಇಬ್ಬರದೂ ಇರ್ಲಿ. ಇಂಥದ್ದು ಮತ್ತೆ ಸಿಗಲ್ಲ" ಎಂದ.

ಅಕ್ಕ ಒಳಗೆ ಹೋಗಿ, ನಾದಿನಿ ಬಿಚ್ಚಿಟ್ಟ ಹೆಡ್‌ಫೋನ್ ಹಾಕಿಕೊಂಡಳು. ಆ ಧ್ವನಿಯನ್ನು ಕೇಳುತ್ತ ತನ್ನದನ್ನು ಹಾಡಿದಳು. ಚೆನ್ನಾಗಿಯೇ ಹಾಡಿದಳು. ಹೊರಗೆ ಬಂದು ಮಾಸ್ಟರನ ಹಿಂದೆ ನಿಂತು, "ಈಗ ಅವರದನ್ನ ಅಳಿಸಿ" ಎಂದಳು.

ಮಾಸ್ಟರ್ ತಿರುಗಿ ನೋಡಿದ. "ಅಮ್ಮಾ, ದಯವಿಟ್ಟು..."

"ನೀವೇ ಅಳಿಸಿ. ನಿಮ್ಮ ಕೈಯಲ್ಲೇ."

ಬಾಗಿಲ ಬಳಿ ನಿಂತಿದ್ದ ನಾದಿನಿ ತಡೆಯಲಿಲ್ಲ, ಬೇಡಲಿಲ್ಲ. ಮಾಸ್ಟರನ ಬೆರಳು ಗುಂಡಿಯ ಮೇಲೆ ಬಹಳ ಹೊತ್ತು ನಿಂತಿತ್ತು. ಆಮೇಲೆ ಒತ್ತಿದ. ಪರದೆಯ ಮೇಲಿದ್ದ ಅವಳ ಧ್ವನಿಯ ಗೆರೆ ಹೋಯಿತು. ನಾದಿನಿ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ಹೋದಳು.

ಇಷ್ಟು ವರ್ಷ ನಾನು ಕಾದಿದ್ದ ದಿನ ಅದು, ಕುಣಿಯಬೇಕಿತ್ತು. ಬಸ್ ನಿಲ್ದಾಣದ ಬಳಿ ಬಂದಾಗ ನಾನು ತಡೆಯಲಾರದೆ ಕೇಳಿದೆ: "ಅಕ್ಕಾ, ಅವಳು ಅಷ್ಟು ಚೆನ್ನಾಗಿ ಹಾಡಿದ್ಲಲ್ಲ. ಅಳಿಸೋವಾಗ ನಿನಗೇನೂ ಅನ್ನಿಸ್ಲಿಲ್ವಾ?"

"ಅನ್ನಿಸ್ತು" ಎಂದಳು ಅಕ್ಕ. ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದಳು. "ನನ್ನದೂ ಚೆನ್ನಾಗಿತ್ತು."